ಸರಾಸರಿಯ ಚರಿತ್ರೆ

ಕನ್ನಡದಲ್ಲಿ ಈಗ ದಿನಬಳಕೆಯ ಮಾತಾಗಿರುವ ‘ಸರಾಸರಿ’ ಎಂಬ ಶಬ್ದವು ಪಾರಸಿಯಿಂದ ಬಂದುದು. ‘ಸರ್’ ಎಂದರೆ ತಲೆ ಅಥವಾ ತುದಿ. ‘ಸರಾಸರ್’ ಎಂದರೆ ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ, ಅರ್ಥಾತ್ ಒಟ್ಟಾರೆಯಾಗಿ. ಇದೇ ಅರ್ಥದ ‘ಆವರೇಜ್’ ಎಂಬ ಇಂಗ್ಲಿಷ್ ಶಬ್ದವಾದರೋ ಸಮುದ್ರವ್ಯಾಪಾರದಿಂದ ಹುಟ್ಟಿದುದು. ಸಾಗಿಸುವಾಗ ಸರಕು ಕೆಟ್ಟುಹೋದುದರಿಂದಲೋ, ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಸರಕನ್ನು ಕಡಲಿಗೆ ಎಸೆದುದರಿಂದಲೋ ಉಂಟಾದ ನಷ್ಟವನ್ನು ವರ್ತಕರೆಲ್ಲರೂ ತಮ್ಮ ತಮ್ಮ ಪಾಲಿಗನುಸಾರವಾಗಿ ಹಂಚಿಕೊಳ್ಳುವ ಪದ್ಧತಿಗೆ ಆ ಮಾತು ಸಲ್ಲುತ್ತಿದ್ದಿತು. ಒಂದು ಶಬ್ದದಲ್ಲಿ ಸಮಗ್ರತೆಯ ಭಾವವೂ ಮತ್ತೊಂದರಲ್ಲಿ ಹಂಚಿಕೆಯ ಭಾವವೂ ಅಡಗಿರುವುವು. ಸರಾಸರಿಯ ಸ್ವರೂಪದಲ್ಲಿ ಇವೆರಡೂ ಉಂಟು. ಅದು ಹಲವನ್ನು ಒಂದಾಗಿಸಿ ತೋರಿಸುತ್ತದೆ. ಒಬ್ಬನ ಪಾಲಿಗೆ ಬಂದುದನ್ನು ಎಲ್ಲರ ಮೇಲೂ ಹಂಚಿಬಿಡುತ್ತದೆ. ಈ ಹಂಚಿಕೆಯು ಕೆಲವೆಡೆ ನ್ಯಾಯವಾದುದು, ಕೆಲವೆಡೆ ಸತ್ಯವನ್ನೇ ಮರೆಮಾಡುವಂಥದು. ಅಂಕಿ-ಅಂಶಗಳನ್ನು ವರ್ಣಿಸುವ ಮತ್ತು ಚಿತ್ರಿಸುವ ಉಪಾಯಗಳು ಯಾವ ಕ್ರಮದಲ್ಲಿ ಬೆಳೆದುವೆಂಬುದನ್ನು ಪರಿಶೀಲಿಸಿದರೆ, ಸರಾಸರಿಯು ಮರೆಮಾಡಿದುದನ್ನು ಮರಳಿ ಬೆಳಕಿಗೆ ತರುವ ಪ್ರಯತ್ನವೇ ಅವುಗಳಲ್ಲಿ ಬಹುಪಾಲೆಂಬುದು ವ್ಯಕ್ತವಾಗುವುದು.

೧

ಭಾರತದ ಗಣಿತಗ್ರಂಥಗಳಲ್ಲಿ ಸರಾಸರಿಯ ಕ್ರಿಯೆಯು ಬಹು ಹಿಂದೆಯೇ ಕಾಣಬರುವುದು. ಕವಿರಾಜಮಾರ್ಗವು ಹುಟ್ಟಿದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿಯೇ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಅದರ ಖಾತವ್ಯವಹಾರವೆಂಬ ಪ್ರಕರಣವು ಅಗೆದ ಹೊಂಡಗಳ ಲೆಕ್ಕವನ್ನು ಹೇಳುವುದು. ನೆಲದಲ್ಲಿ ತೋಡಿದ ಹೊಂಡದ ಅಗಲವೂ ಆಳವೂ ಎಲ್ಲೆಡೆಯಲ್ಲಿಯೂ ಒಂದೇ ಆಗಿರುವುದಿಲ್ಲ. ಆದುದರಿಂದ ಹಲವು ಕಡೆಗಳ ಅಳತೆಗಳನ್ನು ತೆಗೆದು, ಕೂಡಿಸಿ, ಅಳತೆಗಳ ಸಂಖ್ಯೆಯಿಂದ ಭಾಗಿಸಿ ಬಂದ ಸಮವಾದ ಅಳತೆಯಿಂದ ಘನಫಲವನ್ನು ಸಾಧಿಸಬೇಕು. ಸುಮಾರು ೧೧೫೦ರಲ್ಲಿ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಇದೇ ಕ್ರಿಯೆಯನ್ನು ಹೇಳಿ, ಅದರ ಫಲಕ್ಕೆ ಸಮಮಿತಿಯೆಂಬ ಹೆಸರನ್ನು ಬಳಸಿದನು. ಆ ಗ್ರಂಥಕ್ಕೆ ೧೫೪೫ರಲ್ಲಿ ಬುದ್ಧಿವಿಲಾಸಿನಿಯೆಂಬ ವ್ಯಾಖ್ಯಾನವನ್ನು ಬರೆದ ಗಣೇಶ ದೈವಜ್ಞನು ಇನ್ನೂ ಒಂದು ಹೆಜ್ಜೆ ಮುಂದುವರಿದು, ಅಳತೆ ತೆಗೆದ ಸ್ಥಳಗಳು ಹೆಚ್ಚಿದಷ್ಟೂ ಸಮಮಿತಿಯು ಸೂಕ್ಷ್ಮವಾಗುವುದೆಂದು ತಿಳಿಸಿದನು.

ಚಿನ್ನದ ಲೆಕ್ಕದಲ್ಲಿ ಸರಾಸರಿಯ ಇನ್ನೊಂದು ಪ್ರಭೇದವು ಬರುವುದು. ಹತ್ತು ತೂಕದ ಹದಿನಾಲ್ಕು ವರ್ಣದ ಚಿನ್ನವನ್ನೂ ಐದು ತೂಕದ ಹನ್ನೊಂದು ವರ್ಣದ ಚಿನ್ನವನ್ನೂ ಕರಗಿಸಿ ಬೆರಸಿದರೆ ಸಿಕ್ಕುವ ವರ್ಣವೆಷ್ಟು? ಹದಿನಾಲ್ಕನ್ನೂ ಹನ್ನೊಂದನ್ನೂ ಕೂಡಿಸಿ ಅರ್ಧಮಾಡಿದರೆ ಹನ್ನೆರಡೂವರೆ ಬರುವುದು, ಅದು ತಪ್ಪು. ಪ್ರತಿಯೊಂದರ ವರ್ಣವನ್ನು ಅದರದರ ತೂಕದಿಂದ ಗುಣಿಸಿ, ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಬೇಕು. ೧೪೦ಕ್ಕೆ ೫೫ನ್ನು ಕೂಡಿಸಿದರೆ ೧೯೫. ಅದನ್ನು ೧೫ರಿಂದ ಭಾಗಿಸಿದರೆ ಹದಿಮೂರು. ಯಾವುದಕ್ಕೆ ಎಷ್ಟು ತೂಕವೆಂಬುದನ್ನು ಮರೆತ ಸರಾಸರಿಯು ಅಕ್ಕಸಾಲೆಯ ಅಂಗಡಿಯಲ್ಲಿಯೇ ಸುಳ್ಳಾಗುವುದೆಂಬುದನ್ನು ಆ ಗಣಿತಜ್ಞರು ಚೆನ್ನಾಗಿ ಬಲ್ಲವರಾಗಿದ್ದರು.

ಈ ಎರಡು ಉದಾಹರಣೆಗಳಲ್ಲಿಯೂ ಒಂದು ವಿಶೇಷವುಂಟು. ಹೊಂಡದಿಂದ ತೆಗೆದ ಮಣ್ಣಿನ ಮೊತ್ತವು ನಿಜವಾದುದು. ಮೂಸೆಯಲ್ಲಿ ಕರಗಿದ ಚಿನ್ನವೂ ನಿಜವಾಗಿ ಒಂದಾಗಿರುವುದು. ಹಂಚಿಕೆಯಿಂದ ಬಂದ ಸಂಖ್ಯೆಗೆ ಸರಿಯಾದ ವಸ್ತುವು ಲೋಕದಲ್ಲಿರುವುದರಿಂದ ಇಲ್ಲಿ ಸರಾಸರಿಯು ಏನನ್ನೂ ಮರೆಮಾಡುವುದಿಲ್ಲ.

೨

ಯೂರೋಪಿನಲ್ಲಿ ಸರಾಸರಿಗೆ ಶಾಸ್ತ್ರದ ಗೌರವವನ್ನು ತಂದವರು ಖಗೋಲಜ್ಞರು. ಒಂದೇ ನಕ್ಷತ್ರದ ಸ್ಥಾನವನ್ನು ಹಲವು ಬಾರಿ ಅಳೆದರೆ ಹಲವು ಸಂಖ್ಯೆಗಳು ಬರುವುವು. ಅವುಗಳಲ್ಲಿ ಅತ್ಯುತ್ತಮವೆಂದು ತೋರಿದ ಒಂದನ್ನು ಆರಿಸಿಕೊಳ್ಳಬೇಕೋ, ಎಲ್ಲವನ್ನೂ ಕೂಡಿಸಿ ಭಾಗಿಸಬೇಕೋ ಎಂಬುದು ಬಹುಕಾಲ ವಿವಾದಾಸ್ಪದವಾಗಿದ್ದಿತು. ೧೭೫೫ರಲ್ಲಿ ಥಾಮಸ್ ಸಿಂಪ್ಸನ್ ಎಂಬ ಇಂಗ್ಲಿಷ್ ಗಣಿತಜ್ಞನು, ಎಚ್ಚರಿಕೆಯಿಂದ ಮಾಡಿದ ಒಂದೇ ಅಳತೆಗಿಂತ ಹಲವು ಅಳತೆಗಳ ಸರಾಸರಿಯೇ ಹೆಚ್ಚು ನಂಬತಕ್ಕುದೆಂದು ಸಂಭಾವ್ಯತೆಯ ಗಣಿತದಿಂದ ತೋರಿಸಿದನು. ೧೮೦೫ರಲ್ಲಿ ಲೆಜಾಂಡ್ರನೂ ೧೮೦೯ರಲ್ಲಿ ಗೌಸನೂ ಪ್ರಕಟಿಸಿದ ಕನಿಷ್ಠವರ್ಗಗಳ ವಿಧಾನವು ಈ ವಿಚಾರದ ಪರಿಪಾಕ. ಇಲ್ಲಿಯೂ ನಕ್ಷತ್ರವು ಒಂದೇ, ಅದರ ಸ್ಥಾನವೂ ಒಂದೇ. ಸರಾಸರಿಯು ಅದರ ಸಮೀಪಕ್ಕೆ ಒಯ್ಯುವ ದಾರಿ. ಸರಾಸರಿಯಿಂದ ದೂರವಾದುದೆಲ್ಲವೂ ಅಳೆಯುವವನ ಕಣ್ಣಿನ ಅಥವಾ ಯಂತ್ರದ ದೋಷ. ಕಳೆದುಹಾಕಬೇಕಾದ ಕಸವೆಂದೇ ಅದನ್ನು ಭಾವಿಸಲಾಗಿದ್ದಿತು.

ಆದರೆ ಇದಕ್ಕೆ ಮೊದಲೇ, ನಕ್ಷತ್ರಗಳಿಗೆ ಬದಲಾಗಿ ಮನುಷ್ಯರನ್ನು ಎಣಿಸಿದವನೊಬ್ಬನು ಲಂಡನ್ನಿನಲ್ಲಿದ್ದನು. ಜಾನ್ ಗ್ರಾಂಟ್ ಎಂಬ ಜವಳಿ ವರ್ತಕನು ಆ ನಗರದಲ್ಲಿ ವಾರವಾರವೂ ಅಚ್ಚಾಗುತ್ತಿದ್ದ ಮರಣಪಟ್ಟಿಗಳನ್ನು ಸಂಗ್ರಹಿಸಿ, ಅವುಗಳಿಂದ ತಿಳಿದುಬಂದುದನ್ನು ೧೬೬೨ರಲ್ಲಿ ಪುಸ್ತಕವಾಗಿ ಹೊರತಂದನು. ಪಟ್ಟಿಗಳಲ್ಲಿ ಸತ್ತವರ ವಯಸ್ಸು ಇರಲಿಲ್ಲ. ಮರಣಕಾರಣಗಳಿಂದ ಊಹಿಸಿ ಆತನು ಒಂದು ಕೋಷ್ಟಕವನ್ನು ಕಟ್ಟಿದನು. ಅದರಂತೆ ನೂರು ಜೀವಗಳಲ್ಲಿ ಆರು ವರ್ಷ ತುಂಬುವ ಹೊತ್ತಿಗೆ ಉಳಿಯುವುವು ೬೪, ಹದಿನಾರಕ್ಕೆ ೪೦, ಇಪ್ಪತ್ತಾರಕ್ಕೆ ೨೫, ಮೂವತ್ತಾರಕ್ಕೆ ೧೬, ನಲವತ್ತಾರಕ್ಕೆ ೧೦, ಐವತ್ತಾರಕ್ಕೆ ೬, ಅರವತ್ತಾರಕ್ಕೆ ೩, ಎಪ್ಪತ್ತಾರಕ್ಕೆ ೧.

ಈ ಪುಟ್ಟ ಕೋಷ್ಟಕವೇ ಸಂಖ್ಯಾವರ್ಣನೆಯ ಮೂಲಪ್ರಶ್ನೆಯನ್ನು ಹೊರತಂದಿತು. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸನೂ ಆತನ ತಮ್ಮನಾದ ಲೋಡೆವೈಕನೂ ೧೬೬೯ರಲ್ಲಿ ಇದರ ವಿಷಯವಾಗಿ ಪತ್ರವ್ಯವಹಾರ ನಡೆಸಿದರು. ನೂರು ಜನರು ಬದುಕಿದ ವರ್ಷಗಳನ್ನೆಲ್ಲ ಕೂಡಿಸಿ ನೂರರಿಂದ ಭಾಗಿಸಿ, ಮನುಷ್ಯನ ಆಯುಸ್ಸು ಸುಮಾರು ಹದಿನೆಂಟು ವರ್ಷವೆಂದು ಲೋಡೆವೈಕನು ತೆಗೆದನು. ಕ್ರಿಸ್ಟಿಯಾನನು ಲೆಕ್ಕವನ್ನು ಒಪ್ಪಿದನು. ಆದರೆ ಅದರ ಅರ್ಥವನ್ನು ಒಪ್ಪಲಿಲ್ಲ. ಹದಿನೆಂಟು ವರ್ಷಗಳಷ್ಟು ಬದುಕುವುದು ಹೆಚ್ಚಿನವರ ಪಾಲಿಗೆ ಬಂದುದಲ್ಲ. ಅರ್ಧದಷ್ಟು ಜನರು ಯಾವ ವಯಸ್ಸಿನೊಳಗೆ ತೀರಿಕೊಳ್ಳುವರೆಂಬುದು ಬೇರೆಯೇ ಪ್ರಶ್ನೆ ಎಂದು ಆತನು ತೋರಿಸಿದನು. ಕೋಷ್ಟಕವನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಆರನೆಯ ವಯಸ್ಸಿನಲ್ಲಿ ೬೪, ಹದಿನಾರರಲ್ಲಿ ೪೦; ನಡುವಿನ ಮರಣಗಳು ಸಮವಾಗಿ ಹರಡಿದುವೆಂದು ಭಾವಿಸಿದರೆ, ಐವತ್ತು ಜನರು ಉಳಿಯುವುದು ಹನ್ನೆರಡನೆಯ ವಯಸ್ಸಿನ ಹತ್ತಿರ. ಇದಲ್ಲದೆ ಅತಿ ಹೆಚ್ಚಿನ ಮರಣಗಳು, ನೂರಕ್ಕೆ ೩೬, ಆರು ವರ್ಷದೊಳಗೇ ಆಗಿರುವುವು. ಹೀಗೆ ಒಂದೇ ಕೋಷ್ಟಕದಲ್ಲಿ ‘ನಡು’ ಎಂಬುದು ಮೂರು ಕಡೆ ಇರುವುದು. ಕೂಡಿಸಿ ಭಾಗಿಸಿದ ಸರಾಸರಿ ಹದಿನೆಂಟು. ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಮಧ್ಯಾಂಕ ಹನ್ನೆರಡು. ಎಲ್ಲಕ್ಕಿಂತ ಹೆಚ್ಚು ಸಲ ಬರುವ ಬಹುಲಕವು ಎಳೆಯ ಶೈಶವ. ಕೆಲವರು ದೀರ್ಘಕಾಲ ಬದುಕಿದ ವರ್ಷಗಳನ್ನು ಸರಾಸರಿಯು ಸತ್ತ ಮಕ್ಕಳ ಮೇಲೆ ಹಂಚಿರುವುದೇ ಈ ಭೇದಕ್ಕೆ ಕಾರಣ. ಲಂಡನ್ನಿನ ತೊಟ್ಟಿಲುಗಳ ದುಃಖವು ಹದಿನೆಂಟು ಎಂಬ ಸಂಖ್ಯೆಯಲ್ಲಿ ಕಾಣುವುದಿಲ್ಲ. ಕ್ರಿಸ್ಟಿಯಾನನು ಈ ವಿಷಯವನ್ನು ವಿಶದಪಡಿಸಲು ಉಳಿದವರ ಸಂಖ್ಯೆಯನ್ನು ವಯಸ್ಸಿನೊಡನೆ ಇಳಿಯುವ ಒಂದು ವಕ್ರರೇಖೆಯಾಗಿಯೂ ಬರೆದನು.

೩

ಸಂಖ್ಯೆಗಳನ್ನು ಚಿತ್ರವಾಗಿ ಬರೆಯುವ ಪದ್ಧತಿಯನ್ನು ಲೋಕಕ್ಕೆ ಪರಿಚಯಮಾಡಿಸಿದ ಕೀರ್ತಿಯು ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನಿಗೆ ಸಲ್ಲುವುದು. ೧೭೮೬ರಲ್ಲಿ ಆತನು ಪ್ರಕಟಿಸಿದ ವಾಣಿಜ್ಯದ ನಕ್ಷಾಸಂಪುಟದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳು ಕಾಲಕ್ರಮದಲ್ಲಿ ಏರಿಳಿಯುವ ರೇಖೆಗಳಾಗಿ ಕಾಣಿಸಿಕೊಂಡುವು. ಸ್ಕಾಟ್ಲೆಂಡಿನ ವಿಷಯದಲ್ಲಿ ಮಾತ್ರ ಆತನಿಗೆ ಒಂದೇ ವರ್ಷದ ಲೆಕ್ಕವು ದೊರೆತಿದ್ದಿತು. ರೇಖೆಯನ್ನೆಳೆಯಲು ವರ್ಷಗಳ ಸಾಲಿರಲಿಲ್ಲ. ಆದುದರಿಂದ ಹದಿನೇಳು ದೇಶಗಳೊಡನೆ ನಡೆದ ವ್ಯಾಪಾರವನ್ನು ಹದಿನೇಳು ಕಡೆ ಪಟ್ಟಿಗಳನ್ನೆಳೆದು ತೋರಿಸಿದನು. ಸ್ತಂಭನಕ್ಷೆಯು ಹೀಗೆ ಕೊರತೆಯಿಂದ ಹುಟ್ಟಿತು. ೧೮೦೧ರ ಇನ್ನೊಂದು ಗ್ರಂಥದಲ್ಲಿ ತುರ್ಕಿ ಸಾಮ್ರಾಜ್ಯದ ಭೂಭಾಗವು ಏಷ್ಯ, ಯೂರೋಪು, ಆಫ್ರಿಕಗಳಲ್ಲಿ ಹೇಗೆ ಹಂಚಿರುವುದೆಂಬುದನ್ನು ಒಂದು ವೃತ್ತವನ್ನು ಭಾಗಿಸಿ ಬರೆದನು. ವೃತ್ತನಕ್ಷೆಗೆ ಅದೇ ಮೊದಲು. ಬದಲಾವಣೆಗೆ ರೇಖೆ, ಹೋಲಿಕೆಗೆ ಸ್ತಂಭ, ಇಡಿಯಲ್ಲಿ ಬಿಡಿಯ ಪಾಲಿಗೆ ವೃತ್ತ ಎಂಬ ವಿನಿಯೋಗವು ಇಂದಿನ ಪಾಠಶಾಲೆಗಳವರೆಗೂ ನಡೆದುಬಂದಿರುವುದು.

ಚಿತ್ರವು ಕೇವಲ ಅಲಂಕಾರವಲ್ಲ, ವಾದವೂ ಆಗಬಲ್ಲುದೆಂಬುದಕ್ಕೆ ಫ್ಲಾರೆನ್ಸ್ ನೈಟಿಂಗೇಲಳ ೧೮೫೮ರ ನಕ್ಷೆಯು ನಿದರ್ಶನ. ಕ್ರಿಮಿಯದ ಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಲೆಕ್ಕವನ್ನು ಆಕೆಯು ತಿಂಗಳು ತಿಂಗಳಾಗಿ ವಿಂಗಡಿಸಿ, ಒಂದೊಂದು ತಿಂಗಳಿಗೆ ವೃತ್ತದ ಸಮಕೋನದ ಒಂದೊಂದು ಎಸಳನ್ನು ಕೊಟ್ಟಳು. ಎಸಳಿನ ಕ್ಷೇತ್ರಫಲವು ಮರಣಗಳ ಪ್ರಮಾಣಕ್ಕೆ ತಕ್ಕುದಾಗಿದ್ದಿತು. ತಡೆಯಬಹುದಾಗಿದ್ದ ರೋಗಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಇತರ ಕಾರಣಗಳಿಗೆ ಕಪ್ಪು. ೧೮೫೫ರ ಜನವರಿಯೊಂದರಲ್ಲಿಯೇ ಅಂಥ ರೋಗಗಳಿಂದ ಸತ್ತವರು ೨,೭೬೧. ಗಾಯಗಳಿಂದ ಸತ್ತವರು ೮೩. ಇತರ ಕಾರಣಗಳಿಂದ ೩೨೪. ಸೈನಿಕರನ್ನು ಕೊಂದುದು ಶತ್ರುವಿನ ಗುಂಡಲ್ಲ, ಆಸ್ಪತ್ರೆಯ ಕೊಳಕೆಂಬುದನ್ನು ಹೇಳಲು ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಲಿಲ್ಲ. ಇಡೀ ಯುದ್ಧಕಾಲದ ಸರಾಸರಿಯೊಂದನ್ನೇ ಕೊಟ್ಟಿದ್ದರೆ, ೧೮೫೫ರ ಮಾರ್ಚಿಯಲ್ಲಿ ನೈರ್ಮಲ್ಯ ಆಯೋಗವು ಬಂದ ಮೇಲೆ ನೀಲಿ ಎಸಳುಗಳು ಕುಗ್ಗುತ್ತ ಬಂದುದು ತಿಳಿಯುತ್ತಲೇ ಇರಲಿಲ್ಲ. ಏನು ಮಾಡಿದರೆ ಪ್ರಾಣವುಳಿಯುವುದೆಂಬ ಪ್ರಶ್ನೆಗೆ ಉತ್ತರವೂ ಸಿಕ್ಕುತ್ತಿರಲಿಲ್ಲ.

೪

ಆದರೆ ಆ ಕಾಲದ ಶಾಸ್ತ್ರಜ್ಞರಲ್ಲಿ ಸರಾಸರಿಯ ಪ್ರತಿಷ್ಠೆಯು ಹೆಚ್ಚುತ್ತಲೇ ಇದ್ದಿತು. ಬೆಲ್ಜಿಯಂ ದೇಶದ ಖಗೋಲಜ್ಞನಾದ ಅಡಾಲ್ಫ್ ಕೆಟ್ಲೆಯು ನಕ್ಷತ್ರಗಳ ಗಣಿತವನ್ನು ಮನುಷ್ಯರಿಗೆ ಅನ್ವಯಿಸಿ, ೧೮೩೫ರಲ್ಲಿ ‘ಸರಾಸರಿ ಮನುಷ್ಯ’ನೆಂಬ ಕಲ್ಪನೆಯನ್ನು ಮುಂದಿಟ್ಟನು. ೧೮೪೬ರಲ್ಲಿ ಪ್ರಕಟವಾದ ಗ್ರಂಥದಲ್ಲಿ ೫,೭೩೮ ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಗಳನ್ನು ಕೊಟ್ಟು, ಅವು ಸುಮಾರು ನಲವತ್ತು ಅಂಗುಲಗಳ ಸುತ್ತ ಒಬ್ಬನೇ ಮನುಷ್ಯನನ್ನು ಹಲವು ಬಾರಿ ತಪ್ಪಿ ಅಳೆದಂತೆ ಹರಡಿಕೊಂಡಿರುವುವೆಂದು ತೋರಿಸಿದನು. ಇದು ದೊಡ್ಡ ಶೋಧವೇ ಸರಿ. ಆದರೆ ಪ್ರಕೃತಿಯು ಸರಾಸರಿ ಮನುಷ್ಯನನ್ನೇ ಗುರಿಯಿಟ್ಟಿರುವಳೆಂದೂ, ನಿಜವಾದ ಮನುಷ್ಯರು ಆ ಗುರಿಯ ಸುತ್ತ ಬಿದ್ದ ತಪ್ಪು ಬಾಣಗಳೆಂದೂ ಅದರಿಂದ ಧ್ವನಿತವಾಯಿತು. ನಕ್ಷತ್ರವು ಒಂದಾದರೆ ಸೈನಿಕರು ೫,೭೩೮. ಅವರಲ್ಲಿ ಯಾರೂ ಮತ್ತೊಬ್ಬರ ದೋಷವಲ್ಲ ಎಂಬ ಭೇದವು ಮಸುಕಾಯಿತು.

ಈ ದೃಷ್ಟಿಯನ್ನು ತಿರುಗಿಸಿದವನು ಫ್ರಾನ್ಸಿಸ್ ಗಾಲ್ಟನ್. ಆತನಿಗೆ ಕೌತುಕವಿದ್ದುದು ನಡುವಿನಲ್ಲಲ್ಲ, ಭೇದದಲ್ಲಿ. ಸರಾಸರಿಯೊಂದರಲ್ಲಿಯೇ ತೃಪ್ತರಾಗುವವರನ್ನು ಆತನು, ಸ್ವಿಟ್ಜರ್ಲೆಂಡಿನ ಬೆಟ್ಟಗಳನ್ನು ಅಲ್ಲಿಯ ಸರೋವರಗಳಿಗೆ ತುಂಬಿ ಸಮಮಾಡಬಯಸುವ ಬಯಲುಸೀಮೆಯವನಿಗೆ ಹೋಲಿಸಿ ಹಾಸ್ಯಮಾಡಿದುದುಂಟು. ವಸ್ತುಗಳನ್ನು ಅಳತೆಯ ಕ್ರಮದಲ್ಲಿ ಸಾಲಾಗಿರಿಸಿ, ನಡುವಿನದನ್ನು ಮಧ್ಯಾಂಕವೆಂದೂ, ಕಾಲು ಮತ್ತು ಮುಕ್ಕಾಲು ದೂರದವನ್ನು ಚತುರ್ಥಕಗಳೆಂದೂ ಗ್ರಹಿಸುವ ವಿಧಾನವನ್ನು ಆತನು ಪ್ರಚಾರಕ್ಕೆ ತಂದನು. ೧೯೦೭ರಲ್ಲಿ ಆತನು ಪ್ರಕಟಿಸಿದ ಒಂದು ಲೇಖನವು ಪ್ರಸಿದ್ಧವಾಗಿದೆ. ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸುವ ಪಂದ್ಯವು ನಡೆದಿದ್ದಿತು. ಓದಲು ಬಂದ ೭೮೭ ಚೀಟಿಗಳ ಮಧ್ಯಾಂಕ ೧,೨೦೭ ಪೌಂಡು. ನಿಜವಾದ ತೂಕ ೧,೧೯೮ ಪೌಂಡು. ಅನಂತರ ಆತನು ತಿಳಿಸಿದಂತೆ ಚೀಟಿಗಳ ಸರಾಸರಿ ೧,೧೯೭ ಪೌಂಡು. ಒಬ್ಬನ ಹುಚ್ಚು ಊಹೆಯು ಸರಾಸರಿಯನ್ನು ಎಳೆದೊಯ್ಯಬಲ್ಲುದು, ಮಧ್ಯಾಂಕವನ್ನು ಅಲುಗಿಸಲಾರದು ಎಂಬುದೇ ಗಾಲ್ಟನನು ಮಧ್ಯಾಂಕವನ್ನು ಮೆಚ್ಚಿದುದಕ್ಕೆ ಕಾರಣ; ಆದರೂ ಆ ದಿನ ಸರಾಸರಿಯೇ ಹೆಚ್ಚು ಸಮೀಪಕ್ಕೆ ಬಂದಿತು. ಎಲ್ಲ ಪ್ರಸಂಗಕ್ಕೂ ಸಲ್ಲುವ ಒಂದೇ ‘ನಡು’ವಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಇದೇ ಗಾಲ್ಟನನು ಮನುಷ್ಯರನ್ನು ಸಾಲಾಗಿ ನಿಲ್ಲಿಸುವ ತನ್ನ ವಿಧಾನದಿಂದ ಮೇಲು ಕೀಳುಗಳ ಸಿದ್ಧಾಂತವನ್ನು ಕಟ್ಟಿ, ೧೮೮೩ರಲ್ಲಿ ಅದಕ್ಕೆ ಸುಜನನಶಾಸ್ತ್ರವೆಂಬ ಅರ್ಥದ ಹೆಸರನ್ನಿಟ್ಟನೆಂಬುದನ್ನೂ ಇಲ್ಲಿ ಮರೆಯತಕ್ಕುದಲ್ಲ. ಭೇದವನ್ನು ಕಾಣುವುದು ಒಂದು. ಭೇದಕ್ಕೆ ಬೆಲೆ ಕಟ್ಟುವುದು ಮತ್ತೊಂದು.

ಹರಹನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಮಾನಕ ವಿಚಲನೆಗೆ ಆ ಹೆಸರನ್ನು ಕೊಟ್ಟವನು ಕಾರ್ಲ್ ಪಿಯರ್ಸನ್. ಅದು ೧೮೯೪ರಲ್ಲಿ ಅಚ್ಚಾಯಿತು. ಎರಡು ಊರುಗಳ ಐದು ವರ್ಷಗಳ ಮಳೆಯನ್ನು ಉದಾಹರಣೆಯಾಗಿ ಕಲ್ಪಿಸಬಹುದು. ಮೊದಲನೆಯದರಲ್ಲಿ ೨೮, ೨೯, ೩೦, ೩೧, ೩೨ ಅಂಗುಲ. ಎರಡನೆಯದರಲ್ಲಿ ೨೨, ೨೬, ೩೦, ೩೪, ೩೮ ಅಂಗುಲ. ಎರಡರ ಸರಾಸರಿಯೂ ಮೂವತ್ತು, ಮಧ್ಯಾಂಕವೂ ಮೂವತ್ತು. ಪ್ರತಿ ವರ್ಷದ ಮಳೆಯು ಮೂವತ್ತರಿಂದ ಎಷ್ಟು ದೂರವೆಂಬುದನ್ನು ತೆಗೆದು, ವರ್ಗಮಾಡಿ, ಆ ವರ್ಗಗಳ ಸರಾಸರಿಯ ವರ್ಗಮೂಲವನ್ನು ಕಂಡುಹಿಡಿದರೆ, ಮೊದಲನೆಯ ಊರಿಗೆ ೧.೪೧ ಅಂಗುಲವೂ ಎರಡನೆಯದಕ್ಕೆ ೫.೬೬ ಅಂಗುಲವೂ ಬರುವುವು. ಸರಾಸರಿಯು ಸಮವೆಂದ ಊರುಗಳಲ್ಲಿ ಒಂದರ ಅನಿಶ್ಚಯವು ಮತ್ತೊಂದರ ನಾಲ್ಕರಷ್ಟು. ರೈತನು ಬಿತ್ತುವುದು ಸರಾಸರಿ ಮಳೆಯನ್ನು ನಂಬಿ ಅಲ್ಲ, ಆ ವರ್ಷದ ಮಳೆಯನ್ನು ನಂಬಿ. ಆವೃತ್ತಿಗಳನ್ನು ಒಂದಕ್ಕೊಂದು ತಾಗಿದ ಆಯತಗಳಾಗಿ ಬರೆದು, ಕ್ಷೇತ್ರಫಲದಿಂದ ಎಣಿಕೆಯನ್ನು ಸೂಚಿಸುವ ಸ್ತಂಭಾಲೇಖಕ್ಕೆ ಇಂಗ್ಲಿಷಿನಲ್ಲಿ ರೂಢವಾಗಿರುವ ಹೆಸರೂ ಪಿಯರ್ಸನನದೇ. ಪ್ಲೇಫೇರನ ಸ್ತಂಭಗಳು ಬೇರೆ ಬೇರೆ ವಸ್ತುಗಳನ್ನು ಹೋಲಿಸಿದರೆ, ಇದು ಒಂದೇ ಗುಣವು ಸಮೂಹದಲ್ಲಿ ಹರಡಿರುವ ಆಕಾರವನ್ನು ತೋರಿಸುವುದು.

೫

ಈ ವಿಚಾರಗಳು ಕನ್ನಡ ನಾಡಿಗೆ ಎಷ್ಟು ಸಮೀಪವಾದುವೆಂಬುದನ್ನು ಮೈಸೂರು ಸೀಮೆಯ ಖಾನೇಷುಮಾರಿಯಿಂದ ತಿಳಿಯಬಹುದು. ೧೮೭೧ರ ಎಣಿಕೆಯಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು ೫೦ ಲಕ್ಷ ೫೫ ಸಾವಿರ. ೧೮೮೧ರಲ್ಲಿ ಸುಮಾರು ೪೧ ಲಕ್ಷ ೮೬ ಸಾವಿರ. ಕಡಮೆಯಾದುದು ೮ ಲಕ್ಷ ೬೯ ಸಾವಿರ, ಎಂದರೆ ನೂರಕ್ಕೆ ಹದಿನೇಳು. ಹತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸರಾಸರಿ ೮೭ ಸಾವಿರ. ಈ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ವರ್ಷಕ್ಕೆ ೮೭ ಸಾವಿರದಂತೆ ಜನರು ಕಡಮೆಯಾಗುತ್ತ ಹೋದ ಒಂದು ದಶಕವು ಮೈಸೂರಿನ ಚರಿತ್ರೆಯಲ್ಲಿಲ್ಲ. ಈ ಹಾನಿಯಾದುದು ಧಾತು, ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ೧೮೭೬ರಿಂದ ೧೮೭೮ರವರೆಗೆ. ಎರಡು ವರ್ಷಗಳ ಸಂಕಟವನ್ನು ಸರಾಸರಿಯು ಹತ್ತು ವರ್ಷಗಳ ಮೇಲೆ ಹರವಿ, ಕ್ಷಾಮವನ್ನು ಮೆಲ್ಲನೆಯ ಕ್ಷಯವನ್ನಾಗಿ ಮಾಡಿಬಿಡುವುದು.

ಸ್ಥಳದ ವಿಷಯದಲ್ಲಿಯೂ ಹೀಗೆಯೇ. ನೂರಕ್ಕೆ ಹದಿನೇಳೆಂಬುದು ಇಡೀ ಸೀಮೆಯ ಪ್ರಮಾಣ. ಪೂರ್ವದ ಬಯಲುಸೀಮೆಯಲ್ಲಿ ಹಾನಿಯು ಅದಕ್ಕಿಂತ ಹೆಚ್ಚು. ಮಳೆ ಹೆಚ್ಚಾದ ಮಲೆನಾಡಿನಲ್ಲಿ ಕಡಮೆ. ಅಲ್ಲದೆ ಕ್ಷಾಮಕಾಲದಲ್ಲಿ ಮರಣವು ಹೆಚ್ಚುವುದರೊಡನೆ ಜನನವೂ ತಗ್ಗುವುದರಿಂದ, ವಯಸ್ಸುಗಳ ಸ್ತಂಭಾಲೇಖವನ್ನು ಬರೆದರೆ ಆ ವರ್ಷಗಳಲ್ಲಿ ಹುಟ್ಟಬೇಕಾಗಿದ್ದವರ ಸ್ಥಾನದಲ್ಲಿ ಒಂದು ತಗ್ಗು ಕಾಣುವುದು. ಆ ತಲೆಮಾರು ಬೆಳೆದಂತೆ ತಗ್ಗೂ ಮುಂದಿನ ಖಾನೇಷುಮಾರಿಗಳಲ್ಲಿ ಮೇಲಿನ ವಯಸ್ಸಿಗೆ ಸರಿಯುತ್ತ ಹೋಗುವುದು. ಸರಾಸರಿ ವಯಸ್ಸೆಂಬ ಒಂದು ಸಂಖ್ಯೆಯು ಇದಾವುದನ್ನೂ ಹೇಳಲಾರದು. ಕ್ಷಾಮದ ಕಥೆಯನ್ನು ಬರೆಯುವ ಚರಿತ್ರಕಾರನಿಗೆ ಕಾಲದ ರೇಖೆ, ಜಿಲ್ಲೆಗಳ ಕೋಷ್ಟಕ, ವಯಸ್ಸುಗಳ ಚಿತ್ರ ಈ ಮೂರೂ ಬೇಕು.

೬

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಕಲ್ಪಿಸಿದವರು ಪ್ರಶಾಂತಚಂದ್ರ ಮಹಲನೋಬಿಸ್ ಅವರು. ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿ, ೧೯೩೩ರಲ್ಲಿ ಆರಂಭಿಸಿದ ಪತ್ರಿಕೆಗೆ ‘ಸಾಂಖ್ಯ’ವೆಂದು ಹೆಸರಿಟ್ಟರು, ಎಣಿಕೆ, ನಿಶ್ಚಿತವಾದ ಜ್ಞಾನ ಎಂಬೆರಡು ಅರ್ಥಗಳೂ ಆ ಹೆಸರಿನಲ್ಲಿ ಅವರಿಗೆ ಉದ್ದಿಷ್ಟವಾಗಿದ್ದುವು. ಎರಡು ಜನಸಮೂಹಗಳ ನಡುವಣ ಅಂತರವನ್ನು ಅಳೆಯಲು ಅವರು ೧೯೩೬ರಲ್ಲಿ ನಿರೂಪಿಸಿದ ಮಾನವು ಸರಾಸರಿಗಳ ವ್ಯತ್ಯಾಸವನ್ನು ಮಾತ್ರ ನೋಡುವುದಿಲ್ಲ. ಪ್ರತಿಯೊಂದು ಅಳತೆಯ ಹರಹನ್ನೂ ಅಳತೆಗಳ ಪರಸ್ಪರ ಸಂಬಂಧವನ್ನೂ ಗಣನೆಗೆ ತಂದುಕೊಳ್ಳುವುದು. ಎರಡು ಸಮೂಹಗಳ ಸರಾಸರಿ ಎತ್ತರಗಳಲ್ಲಿ ಅರ್ಧ ಅಂಗುಲದ ಭೇದವಿದ್ದರೆ, ಪ್ರತಿ ಸಮೂಹದೊಳಗೇ ಎಷ್ಟು ಭೇದವಿರುವುದೆಂಬುದನ್ನು ತಿಳಿಯದೆ ಆ ಅರ್ಧ ಅಂಗುಲಕ್ಕೆ ಅರ್ಥವಿಲ್ಲ. ೧೯೪೧ರಲ್ಲಿ ಸಂಯುಕ್ತ ಪ್ರಾಂತ್ಯದಲ್ಲಿ ನಡೆದ ದೇಹಮಾಪನದ ವರದಿಯನ್ನು ಮಹಲನೋಬಿಸ್, ಮಜುಮ್‌ದಾರ್ ಮತ್ತು ಸಿ. ಆರ್. ರಾವ್ ಅವರು ೧೯೪೯ರಲ್ಲಿ ಈ ಮಾನವನ್ನು ಬಳಸಿ ಪ್ರಕಟಿಸಿದರು. ಇವರಲ್ಲಿ ರಾವ್ ಅವರು ೧೯೨೦ರಲ್ಲಿ ಹೂವಿನ ಹಡಗಲಿಯಲ್ಲಿ ಜನಿಸಿದವರು. ೨೦೨೩ರಲ್ಲಿ ನಿಧನರಾಗುವವರೆಗೆ ಈ ಶಾಸ್ತ್ರದ ಅಗ್ರಗಣ್ಯರಲ್ಲೊಬ್ಬರೆನಿಸಿದ್ದರು.

ಸರಾಸರಿಯ ಜೊತೆಗೆ ವಿಚಲನೆಯನ್ನೂ ಪರಸ್ಪರ ಸಂಬಂಧವನ್ನೂ ಕೊಟ್ಟುಬಿಟ್ಟರೆ ವರ್ಣನೆಯು ಪೂರ್ಣವಾಯಿತೆ ಎಂಬ ಶಂಕೆಗೆ ೧೯೭೩ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಉತ್ತರ ಕೊಟ್ಟರು. ಹನ್ನೊಂದು ಹನ್ನೊಂದು ಜೋಡಿ ಸಂಖ್ಯೆಗಳ ನಾಲ್ಕು ಗುಂಪುಗಳನ್ನು ಅವರು ರಚಿಸಿದರು. ನಾಲ್ಕರಲ್ಲಿಯೂ ಮೊದಲ ಅಂಕಿಗಳ ಸರಾಸರಿ ೯, ಎರಡನೆಯವುಗಳದು ೭.೫, ಹರಹೂ ಪರಸ್ಪರ ಸಂಬಂಧವೂ ಹೆಚ್ಚುಕಡಮೆ ಒಂದೇ. ಆದರೆ ಚಿತ್ರವಾಗಿ ಬರೆದು ನೋಡಿದರೆ, ಒಂದರಲ್ಲಿ ಬಿಂದುಗಳು ಒಂದು ಸರಳರೇಖೆಯ ಸುತ್ತ ಚದರಿರುವುವು. ಇನ್ನೊಂದರಲ್ಲಿ ನುಣುಪಾದ ಕಮಾನಿನಂತೆ ಬಾಗಿರುವುವು. ಮೂರನೆಯದರಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಗೆರೆಯ ಮೇಲಿರುವುವು. ನಾಲ್ಕನೆಯದರಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಕಂಬದಂತೆ ನಿಂತಿರುವುವು. ಸಂಖ್ಯೆಗಳ ಸಾರಾಂಶವು ಸಮವೆಂದು ಸಾರಿದ ನಾಲ್ಕು ವಸ್ತುಗಳನ್ನು ಕಣ್ಣು ಒಂದೇ ನೋಟದಲ್ಲಿ ಬೇರ್ಪಡಿಸಿತು.

ಮಹಾವೀರಾಚಾರ್ಯನ ಹೊಂಡದಲ್ಲಿ ಸರಾಸರಿಯು ಸತ್ಯವನ್ನೇ ಹೇಳಿತು. ಗ್ರಾಂಟನ ಮಕ್ಕಳ ವಿಷಯದಲ್ಲಿಯೂ ಮೈಸೂರಿನ ಕ್ಷಾಮದ ವಿಷಯದಲ್ಲಿಯೂ ಅದು ಅರ್ಧವನ್ನು ಮಾತ್ರ ಹೇಳಿತು. ಭೇದವಿರುವುದು ಗಣಿತದಲ್ಲಲ್ಲ, ಭಾಗಿಸಲ್ಪಟ್ಟ ವಸ್ತುವಿನಲ್ಲಿ. ಮಣ್ಣನ್ನು ಸಮವಾಗಿ ಹರವಬಹುದು, ಸಾವನ್ನು ಹಾಗೆ ಹರವಲಾಗದು. ಆದುದರಿಂದ ಹಳೆಯ ವರದಿಗಳಲ್ಲಿ ಸರಾಸರಿಯೊಂದು ಎದುರಾದಾಗ, ಅದು ಎಷ್ಟು ಮಂದಿಯ ಮೇಲೆ, ಎಷ್ಟು ವರ್ಷಗಳ ಮೇಲೆ, ಯಾರ ಭಾರವನ್ನು ಯಾರ ಮೇಲೆ ಹಂಚಿದುದೆಂದು ವಿಚಾರಿಸುವುದು ಚರಿತ್ರಾಭ್ಯಾಸಿಗಳ ಮೊದಲ ಕರ್ತವ್ಯವಾಗುವುದು.